ಕತ್ತೆಯ ಸೇತುವೆ: ಒಂದು ಪದವಿಚಾರ

ಜರ್ಮನ್ ಭಾಷೆಯಲ್ಲಿ ‘ಏಜೆಲ್ಸ್‌ಬ್ರ್ಯೂಕೆ’ ಎಂಬುದೊಂದು ವಿನೋದದ ಸಮಾಸಪದ. ‘ಏಜೆಲ್’ ಎಂದರೆ ಕತ್ತೆ. ‘ಬ್ರ್ಯೂಕೆ’ ಎಂದರೆ ಸೇತುವೆ. ನಡುವಿನ ಸಕಾರವು ಷಷ್ಠಿಯ ಕುರುಹು. ಆದರೆ ಸಮಸ್ತಪದದ ಅರ್ಥವೇ ಬೇರೆ: ಪಾಠ ಮರೆಯದಂತೆ ವಿದ್ಯಾರ್ಥಿಯು ಹಿಡಿಯುವ ಜ್ಞಾಪಕಸೂತ್ರ.

ಇದರ ಹುಟ್ಟಿಗೆ ಒಂದು ಕಥೆ ಪ್ರಚಾರದಲ್ಲಿದೆ. ತಳ ಕಾಣದ ನೀರಿಗೆ ಕತ್ತೆ ಕಾಲಿಡದು. ಸಣ್ಣ ತೊರೆಗೂ ಅದಕ್ಕಾಗಿ ಸೇತುವೆ ಕಟ್ಟಬೇಕಾಯಿತು ಎಂದು. ಕಥೆ ಸೊಗಸಾಗಿದೆ, ಆದರೆ ಸೊಗಸು ನಿರುಕ್ತಿಗೆ ಪ್ರಮಾಣವಾಗಲಾರದು. ಜರ್ಮನ್ ಪದವು ‘ಪೋನ್ಸ್ ಅಸಿನೋರುಮ್’, ಎಂದರೆ ‘ಕತ್ತೆಗಳ ಸೇತುವೆ’, ಎಂಬ ಲ್ಯಾಟಿನ್ ನುಡಿಯ ಅನುವಾದ. ಆ ನುಡಿ ಬಳಕೆಗೆ ಬಂದುದು ಮಧ್ಯಯುಗದ ಯುರೋಪಿನ ತರ್ಕಪಾಠಗಳಲ್ಲಿ. ಅನುಮಾನವಾಕ್ಯದ ಮಧ್ಯಪದವನ್ನು ಕಂಡುಹಿಡಿಯಲು ಮಂದಮತಿಗಳಿಗೆ ನೆರವಾಗುವ ರೇಖಾಚಿತ್ರವನ್ನು ಹಾಗೆ ಕರೆಯುತ್ತಿದ್ದರು.

ಮುಂದೆ ಈ ಒಂದೇ ನುಡಿ ಎರಡು ದಾರಿ ಹಿಡಿಯಿತು. ಇಂಗ್ಲಿಷರು ಅದನ್ನು ಯೂಕ್ಲಿಡನ (ಕ್ರಿ.ಪೂ. ಸುಮಾರು 300) ಮೊದಲ ಪುಸ್ತಕದ 5ನೆಯ ಪ್ರಮೇಯಕ್ಕೆ ಹೆಸರಾಗಿಟ್ಟರು. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮವೆಂದು ಸಾಧಿಸಲಾರದವನು ಈಚೆ ದಡದಲ್ಲೇ ಉಳಿದ ಕತ್ತೆ! ಅಲ್ಲಿ ಸೇತುವೆಯು ಪರೀಕ್ಷೆ. ಜರ್ಮನರಲ್ಲಿ ಅದು ಆಸರೆ. ಅವರ ಮಕ್ಕಳು ‘ನೀ ಓನೆ ಸೈಫೆ ವಾಶೆನ್’ (ಸೋಪಿಲ್ಲದೆ ಎಂದೂ ತೊಳೆಯಬೇಡ) ಎಂಬ ಮಾತಿನ ಮೊದಲಕ್ಷರಗಳಿಂದ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮಗಳನ್ನು ಕ್ರಮವಾಗಿ ನೆನೆಯುತ್ತಾರೆ.

ನಮಗೂ ಇಂಥ ಸೇತುವೆ ಹೊಸದಲ್ಲ. ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವನ್ನು ಛಂದಸ್ಸಿನ ಪಾಠದಲ್ಲಿ ಯಾರು ತಾನೆ ಕೇಳಿಲ್ಲ? ‘ಯ’ದಿಂದ ಮೂರಕ್ಷರ ಎಣಿಸಿದರೆ ‘ಯಮಾತಾ’, ಲಘು, ಗುರು, ಗುರು, ಯಗಣ ಸಿದ್ಧ. ಹೀಗೆಯೇ ಎಂಟು ಗಣಗಳೂ ದೊರೆಯುತ್ತವೆ. ಆದರೆ ಸೂತ್ರವನ್ನು ಉರುಹೊಡೆದು ಒಂದು ಪದ್ಯಕ್ಕೂ ಪ್ರಸ್ತಾರ ಹಾಕದವನು ಸೇತುವೆಯ ಮೇಲೆಯೇ ನಿಂತುಬಿಟ್ಟವನು.

ಈ ಪದವನ್ನು ಕನ್ನಡಿಸುವುದು ಹೇಗೆ? ‘ಗರ್ದಭಸೇತು’ ಎಂದರೆ ವ್ಯಾಕರಣ ಉಳಿಯುತ್ತದೆ, ನಗೆ ಹೋಗುತ್ತದೆ. ಕರಾವಳಿಯ ಮಾತಿನಲ್ಲಿ ‘ಕತ್ತೆಸಂಕ’ ಎಂದರೆ ಎರಡೂ ಉಳಿಯುತ್ತವೆ. ವಿಗ್ರಹವಾಕ್ಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ರೂಪದಲ್ಲಿ ಇದು ಷಷ್ಠೀ, ‘ಕತ್ತೆಯ ಸೇತುವೆ’. ಅರ್ಥದಲ್ಲಿ ಚತುರ್ಥೀ, ‘ಕತ್ತೆಗಾಗಿ ಸೇತುವೆ’. ಪದದ ಸ್ವಾರಸ್ಯವೆಲ್ಲ ಈ ಚತುರ್ಥಿಯಲ್ಲಿದೆ. ಮರೆಯುವ ಹುಡುಗನನ್ನು ಕತ್ತೆಯೆಂದು ಜರೆಯುವುದು ಸುಲಭ. ಹಾಗೆ ಜರೆದ ಉಪಾಧ್ಯಾಯರು ಅವನಿಗಾಗಿ ಸೇತುವೆಯನ್ನೂ ಕಟ್ಟಬೇಕೆಂಬುದನ್ನು ಈ ಪದ ನೆನಪಿಸುತ್ತದೆ.