ಗೌರವರ್ಣವೆಂದರೆ ಬಿಳುಪೆ? ಹಳೇಕೋಟೆ ಸೀಮೆಯ ಪೌರಾಣಿಕ ನಾಟಕಗಳ ಮುಖವರ್ಣಿಕೆಯನ್ನು ಕುರಿತು

೧

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲಿಯೂ ಅದರ ನೆರೆಯ ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಸೀಮೆಗಳಲ್ಲಿಯೂ ಪೌರಾಣಿಕ ನಾಟಕವು ಇಂದಿಗೂ ಜೀವಂತವಾಗಿರುವ ಕಲೆ. ಸುಗ್ಗಿ ತೀರಿ ಊರಹಬ್ಬಗಳ ಕಾಲ ಬಂದಿತೆಂದರೆ 'ಕುರುಕ್ಷೇತ್ರ'ವೋ 'ಶನಿಪ್ರಭಾವ'ವೋ 'ದಕ್ಷಯಜ್ಞ'ವೋ ಒಂದಲ್ಲ ಒಂದು ಊರಿನಲ್ಲಿ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕಂದ, ವೃತ್ತ, ಹಾಡುಗಳನ್ನು ಕಲಿಸುತ್ತಾರೆ. ಹಗಲೆಲ್ಲ ಹೊಲಗದ್ದೆಗಳಲ್ಲಿ ದುಡಿದವರು ರಾತ್ರಿ ಅಭ್ಯಾಸಕ್ಕೆ ಕೂಡುತ್ತಾರೆ. ಸ್ತ್ರೀಪಾತ್ರಗಳಿಗೆ ಹೆಚ್ಚಾಗಿ ಹೊರಗಿನಿಂದ ವೃತ್ತಿನಟಿಯರನ್ನು ಕರೆಸುತ್ತಾರೆ. ಪರದೆ, ಕಿರೀಟ, ಗದೆಗಳೊಡನೆ ಬಣ್ಣ ಹಚ್ಚುವವರೂ ಡ್ರಾಮಾ ಸೀನರಿಯವರ ಕಡೆಯಿಂದ ಬರುತ್ತಾರೆ. ಇವೇ ನಾಟಕಗಳು ಹಾಸನದ ಹಾಸನಾಂಬ ಕಲಾಕ್ಷೇತ್ರದಂತಹ ಪಟ್ಟಣದ ರಂಗಮಂದಿರಗಳಲ್ಲಿಯೂ ನಡೆಯುವುದುಂಟು.

ಪ್ರಸ್ತುತ ಲೇಖನದ ವಿಷಯ ಈ ನಾಟಕಗಳ ಸಂಗೀತವೂ ಅಲ್ಲ, ಸಾಹಿತ್ಯವೂ ಅಲ್ಲ. ಮುಖಕ್ಕೆ ಬಳಿಯುವ ಬಣ್ಣ. ರಂಗದ ಮೇಲೆ ಧರ್ಮರಾಯ, ಭೀಮ, ಅರ್ಜುನ, ಕರ್ಣ, ದುರ್ಯೋಧನ, ದ್ರೌಪದಿ, ಇವರೆಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯ ನಸುಗೆಂಪು ಬೆರೆತ ಬಿಳುಪಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಶ್ರೀಕೃಷ್ಣನೊಬ್ಬನಿಗೆ ನೀಲಿ ಸಲ್ಲುತ್ತದೆ. ಕಪ್ಪು ಉಳಿಯುವುದು ಶನಿಮಹಾತ್ಮನಿಗೆ, ರಾಕ್ಷಸರಿಗೆ. ಇದೇ ಪುರಾಣದ ಮರ್ಯಾದೆ, ಇದೇ ಶಾಸ್ತ್ರ ಎಂಬ ಭಾವನೆ ನಟರಲ್ಲಿಯೂ ಪ್ರೇಕ್ಷಕರಲ್ಲಿಯೂ ಬೇರೂರಿದೆ. ಆದರೆ ಇದು ಶಾಸ್ತ್ರವೂ ಅಲ್ಲ, ಪುರಾಣವೂ ಅಲ್ಲ, ಈ ಸೀಮೆಯ ನುಡಿಯೂ ಇದನ್ನು ಒಪ್ಪುವುದಿಲ್ಲ ಎಂಬುದನ್ನು ತೋರಿಸಿ, ಗೌರವರ್ಣದ ಪಾತ್ರಕ್ಕೆ ಬಣ್ಣವನ್ನು ಹೇಗೆ ಆರಿಸಬೇಕು, ಹೇಗೆ ಲೇಪಿಸಬೇಕು ಎಂಬುದನ್ನು ವಿವೇಚಿಸುವುದೇ ಈ ಬರಹದ ಉದ್ದೇಶ.

೨

ಮೊದಲು ಶಾಸ್ತ್ರದ ಮಾತು. ಭರತನ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯವನ್ನು ನಿರೂಪಿಸುವ ಅಧ್ಯಾಯವು ಬಿಳಿ, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ಮೂಲವರ್ಣಗಳನ್ನು ಹೇಳಿ, ಅವುಗಳ ಮಿಶ್ರಣದಿಂದ ಉಳಿದವನ್ನು ಪಡೆಯುವ ಕ್ರಮವನ್ನು ತಿಳಿಸುತ್ತದೆ. ಬಿಳಿಗೆ ಹಳದಿ ಸೇರಿದರೆ ಪಾಂಡು; ಬಿಳಿಗೆ ಕೆಂಪು ಸೇರಿದರೆ ಪದ್ಮವರ್ಣ; ಹಳದಿಗೆ ನೀಲಿ ಸೇರಿದರೆ ಹಸುರು. ಗೌರವರ್ಣವಾದರೋ ಕೆಂಪು ಮತ್ತು ಹಳದಿಗಳ ಮಿಶ್ರಣ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಗೌರಕ್ಕೆ ಹೇಳಿದ ಈ ಪಾಕದಲ್ಲಿ ಬಿಳಿಯ ಹೆಸರೇ ಇಲ್ಲ. ನಾವು ಇಂದು ಯಾವುದನ್ನು ಗೌರವೆಂದು ಭಾವಿಸಿ ಮುಖಕ್ಕೆ ಬಳಿಯುತ್ತಿದ್ದೇವೆಯೋ ಅದು ಭರತನ ಲೆಕ್ಕದಲ್ಲಿ ಪದ್ಮವರ್ಣವಾದೀತು, ಇಲ್ಲವೆ ಪಾಂಡುವಾದೀತು, ಗೌರವಾಗಲಾರದು.

ಅಲ್ಲದೆ ರಾಜರು ಗೌರವರ್ಣದವರೇ ಆಗಿರಬೇಕೆಂಬ ಕಟ್ಟಳೆಯೂ ಆ ಗ್ರಂಥದಲ್ಲಿಲ್ಲ. ಪದ್ಮ, ಶ್ಯಾಮ, ಗೌರ ಈ ಮೂರೂ ರಾಜರಿಗೆ ಸಲ್ಲತಕ್ಕವೆಂದೇ ಅದರ ಮತ. ಅರಸನೆಂದೊಡನೆ ಬಿಳಿಯ ಮುಖ ಎಂಬ ನಮ್ಮ ನಿಯಮಕ್ಕೆ ಅಲ್ಲಿ ಆಧಾರ ದೊರೆಯುವುದಿಲ್ಲ.

ಇನ್ನು ಪುರಾಣ. ವ್ಯಾಸಭಾರತದ ಆಶ್ರಮವಾಸಿಕ ಪರ್ವದಲ್ಲಿ ಒಂದು ಸಂದರ್ಭವಿದೆ. ಕಾಡಿನ ತಪಸ್ವಿಗಳಿಗೆ ಸಂಜಯನು ಪಾಂಡವರನ್ನೂ ಅವರ ಸ್ತ್ರೀಯರನ್ನೂ ಒಬ್ಬೊಬ್ಬರನ್ನಾಗಿ ತೋರಿಸಿ ಪರಿಚಯ ಮಾಡಿಕೊಡುತ್ತಾನೆ. ಅಪರಿಚಿತರಿಗೆ ಗುರುತು ಹೇಳುವ ಮಾತಾದುದರಿಂದ ಅಲ್ಲಿ ಮೈಬಣ್ಣದ ವಿವರ ಸಹಜವಾಗಿಯೇ ಬರುತ್ತದೆ. ಯುಧಿಷ್ಠಿರನು ಶುದ್ಧವಾದ ಚಿನ್ನದಂತೆ ಗೌರ. ಭೀಮನು ಪುಟಕ್ಕಿಟ್ಟ ಚಿನ್ನದಂತೆ ಗೌರ. ಅರ್ಜುನನು ಶ್ಯಾಮವರ್ಣದ ತರುಣ. ದ್ರೌಪದಿಯು ನೀಲೋತ್ಪಲದ ಕಾಂತಿಯವಳು. ದ್ರೌಪದಿಗೆ 'ಕೃಷ್ಣೆ' ಎಂಬ ಹೆಸರು ಬಂದುದೇ ಮೈಬಣ್ಣದಿಂದ. ಮಹಾಭಾರತವನ್ನು ರಚಿಸಿದ ಮುನಿಯೂ ಕೃಷ್ಣದ್ವೈಪಾಯನ. ಇವೆಲ್ಲವನ್ನೂ ಬಲ್ಲ ಮೇಷ್ಟರುಗಳು ನಮ್ಮ ಹಳ್ಳಿಗಳಲ್ಲಿ ಇಲ್ಲದೆ ಇಲ್ಲ. ಆದರೂ ಸಭಾಪರ್ವದ ದೃಶ್ಯದಲ್ಲಿ ಕೃಷ್ಣೆಯೆಂದು ಸಂಬೋಧಿತಳಾಗುವ ನಟಿಯ ಮುಖ ಸುಣ್ಣ ಬಳಿದಂತಿರುತ್ತದೆ. ಕಿವಿ ಒಂದನ್ನು ಕೇಳುತ್ತದೆ, ಕಣ್ಣು ಇನ್ನೊಂದನ್ನು ನೋಡುತ್ತದೆ.

ಮೇಲಿನ ವರ್ಣನೆಯಲ್ಲಿ ಗೌರಕ್ಕೆ ಹೋಲಿಕೆಯಾಗಿ ಬಂದುದು ಹಾಲಲ್ಲ, ಹತ್ತಿಯಲ್ಲ, ಚಿನ್ನ. ಕಾಯಿಸಿದ ಚಿನ್ನದ ಬಣ್ಣವೆಂದರೆ ಕೆಂಪು ಕೂಡಿದ ಹಳದಿಯೇ ಸರಿ. ಹೀಗೆ ನಾಟ್ಯಶಾಸ್ತ್ರದ ಪಾಕವೂ ಮಹಾಭಾರತದ ಹೋಲಿಕೆಯೂ ಒಂದೇ ಕಡೆಗೆ ಬೆರಳು ತೋರುತ್ತವೆ.

ನಮ್ಮ ಸೀಮೆಯ ಆಡುನುಡಿಯ ಸಾಕ್ಷ್ಯವೂ ಇದಕ್ಕೆ ಹೊರತಲ್ಲ. ಹಳೆಯ ಮೈಸೂರಿನ ಹಳ್ಳಿಗರು ಒಳ್ಳೆಯ ಬಣ್ಣದವನನ್ನು 'ಕೆಂಪಗಿದ್ದಾನೆ' ಎನ್ನುತ್ತಾರೆ. ಮೆಚ್ಚಿಗೆಯ ಇನ್ನೊಂದು ಮಾತು 'ಎಣ್ಣೆಗೆಂಪು'. 'ಬಿಳಿಚಿಕೊಂಡಿದ್ದಾನೆ' ಎಂದರೆ ರೋಗವನ್ನೋ ಭಯವನ್ನೋ ಸೂಚಿಸಿದಂತೆ. ಕೆಂಪೇಗೌಡ, ಕೆಂಪಮ್ಮ ಎಂಬ ಹೆಸರುಗಳಂತೆಯೇ ಕರಿಗೌಡ, ಕರಿಯಪ್ಪ, ಕರಿಯಮ್ಮ ಎಂಬ ಹೆಸರುಗಳನ್ನೂ ಇಲ್ಲಿಯ ಜನ ಮಕ್ಕಳಿಗೆ ಇಟ್ಟಿದ್ದಾರೆ, ದೇವತೆಗಳಿಗೂ ಇಟ್ಟಿದ್ದಾರೆ. ಕಪ್ಪನ್ನು ಶನಿಗೂ ರಾಕ್ಷಸರಿಗೂ ಮೀಸಲಾಗಿಟ್ಟ ಹೆಸರುಗಳಲ್ಲ ಇವು.

೩

ಹಾಗಾದರೆ ಈ ಬಿಳುಪು ಬಂದುದೆಲ್ಲಿಂದ? ಇದಕ್ಕೆ ಉತ್ತರವನ್ನು ನಮ್ಮ ರಂಗಭೂಮಿಯ ಇತಿಹಾಸದಲ್ಲಿಯೂ, ವಿಶೇಷವಾಗಿ ರಂಗದ ದೀಪದ ಇತಿಹಾಸದಲ್ಲಿಯೂ ಹುಡುಕಬೇಕು.

ಬಯಲಾಟದ ಬಣ್ಣಗಾರಿಕೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ, ಕಪ್ಪಿಗೆ ಕಾಡಿಗೆ ಬಳಕೆಯಲ್ಲಿದ್ದವು. ಇವುಗಳನ್ನು ಪಾತ್ರಕ್ಕೆ ತಕ್ಕಂತೆ ಬೆರೆಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾರ್ಸಿ ಕಂಪನಿಗಳ ಪ್ರಭಾವದಿಂದ ಕನ್ನಡದಲ್ಲಿಯೂ ವೃತ್ತಿನಾಟಕ ಮಂಡಳಿಗಳು ತಲೆಯೆತ್ತಿದವು; ೧೮೮೪ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು ಅವುಗಳಲ್ಲಿ ದೀರ್ಘಕಾಲ ಬಾಳಿದ್ದು. ಇಂದು ನಮ್ಮ ಹಳ್ಳಿಗಳಲ್ಲಿ ಕಾಣುವ ಪರದೆ, ಕಿರೀಟ, ಹಾರ್ಮೋನಿಯಂ, ಮಖಮಲ್ಲಿನ ಉಡುಪುಗಳು ಈ ಕಂಪನಿ ನಾಟಕದ ಬಳುವಳಿ. ಮುಖದ ಬಣ್ಣವೂ ಆ ದಾರಿಯಿಂದಲೇ ಬಂದಿತೆಂದು ಭಾವಿಸುವುದು ಯುಕ್ತ.

ಆ ಕಾಲದ ರಂಗವನ್ನು ಬೆಳಗುತ್ತಿದ್ದುದು ಬೆಂಕಿಯ ಬೆಳಕು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಗಣಿಗಳಿಗೂ ೧೯೦೫ರಲ್ಲಿ ಬೆಂಗಳೂರಿಗೂ ಹರಿಯಿತಾದರೂ ಹಳ್ಳಿಗಳಿಗೆ ಅದು ತಲಪಿದುದು ಬಹಳ ತಡವಾಗಿ. ದೀವಟಿಗೆಯ ಉರಿಯೂ ಎಣ್ಣೆಯ ದೀಪವೂ ತಾವೇ ಹಳದಿ ಕೆಂಪುಗಳನ್ನು ಚೆಲ್ಲುವಂತಹವು. ಅಂತಹ ಮಂದವಾದ ಬೆಳಕಿನಲ್ಲಿ ದೂರದ ಪ್ರೇಕ್ಷಕನಿಗೆ ಮುಖ ಕಾಣಬೇಕಾದರೆ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಬಿಳಿಯ ಲೇಪ ಉಪಯುಕ್ತ. ಬಿಳಿಯ ಮುಖದ ಮೇಲೆ ಉರಿಯ ಹಳದಿ ಬಿದ್ದು ಒಟ್ಟಿನಲ್ಲಿ ಕಣ್ಣಿಗೆ ಚಿನ್ನದ ಕಾಂತಿಯೇ ತೋರುತ್ತಿತ್ತು. ಅಂದರೆ ಸಫೇದವು ಅರ್ಧ ಕೆಲಸವನ್ನು ಮಾಡುತ್ತಿತ್ತು, ದೀಪವು ಉಳಿದರ್ಧವನ್ನು ತುಂಬುತ್ತಿತ್ತು. ಎರಡೂ ಕೂಡಿದಾಗ ಆದದ್ದು ಗೌರವರ್ಣ.

ಕಾಲಕ್ರಮದಲ್ಲಿ ದೀಪ ಬದಲಾಯಿತು. ಗ್ಯಾಸ್‌ಲೈಟು, ವಿದ್ಯುದ್ದೀಪ, ಟ್ಯೂಬ್‌ಲೈಟುಗಳು ಒಂದರ ಹಿಂದೆ ಒಂದು ಬಂದವು. ಈಗ ಎಲ್‌ಇಡಿ ದೀಪಗಳ ತೀಕ್ಷ್ಣವಾದ ಬೆಳಕು ಹಳ್ಳಿಯ ರಂಗವನ್ನೂ ಆಕ್ರಮಿಸಿದೆ. ಲೇಪ ಮಾತ್ರ ಬದಲಾಗಲಿಲ್ಲ. ದೀಪವು ತುಂಬುತ್ತಿದ್ದ ಹಳದಿಯು ಹೋಗಿ ಬರಿಯ ಬಿಳುಪು ಉಳಿಯಿತು. ಕಪ್ಪು ಮೈಯ ಮೇಲೆ ಬಳಿದ ಈ ಬಿಳುಪು ಶೀತಲವಾದ ಬೆಳಕಿನಲ್ಲಿ ಬೂದಿಯಂತೆ ತೋರುತ್ತದೆ. ಬೆವರು ಹರಿದಲ್ಲಿ ಗೆರೆ ಬೀಳುತ್ತದೆ. ಗಾಂಡೀವವನ್ನು ಹಿಡಿದ ಕೈ ಒಂದು ಬಣ್ಣ, ಮುಖ ಒಂದು ಬಣ್ಣವಾಗುತ್ತದೆ. ಒಂದು ಕಾಲದ ಅವಶ್ಯಕತೆಯು ತನ್ನ ಕಾರಣವನ್ನು ಕಳೆದುಕೊಂಡ ಮೇಲೂ ಆಚಾರವಾಗಿ ಉಳಿಯಿತು. ಆಚಾರವು ಕ್ರಮೇಣ ಮೌಲ್ಯವಾಯಿತು.

ಇದನ್ನು ಪಾಶ್ಚಾತ್ಯರ ಅನುಕರಣವೆಂದು ತಳ್ಳಿಹಾಕುವುದೂ ಸರಿಯಲ್ಲ. ಬರ್ಲಿನ್ನಿನ ಗಾಯಕನಟ ಲುಡ್ವಿಗ್ ಲೈಷ್ನರ್ ೧೮೭೩ರಲ್ಲಿ ಸ್ಥಾಪಿಸಿದ ಕಾರ್ಖಾನೆಯ ಜಿಡ್ಡುಬಣ್ಣದ ಕಡ್ಡಿಗಳು ಯೂರೋಪಿನ ರಂಗಭೂಮಿಯಲ್ಲೆಲ್ಲ ಪ್ರಸಿದ್ಧವಾದವು. ಅವುಗಳಿಗೆ ಸಂಖ್ಯೆಗಳಿದ್ದವು. ಇಂಗ್ಲಿಷ್ ನಟರು ಸಾಮಾನ್ಯವಾಗಿ ಐದನೆಯ ಸಂಖ್ಯೆಯ ದಂತದ ಹಳದಿಯನ್ನೂ ಒಂಬತ್ತನೆಯ ಸಂಖ್ಯೆಯ ಇಟ್ಟಿಗೆಗೆಂಪನ್ನೂ ಬೆರೆಸಿ ಮುಖಕ್ಕೆ ಲೇಪಿಸಿಕೊಳ್ಳುತ್ತಿದ್ದರು. ಹುಟ್ಟಿನಿಂದಲೇ ಬಿಳಿಯರಾದ ಅವರು ಸಹ ರಂಗದ ಪ್ರಖರವಾದ ದೀಪದ ಮುಂದೆ ನಿಲ್ಲುವಾಗ ಹಳದಿಯನ್ನೂ ಕೆಂಪನ್ನೂ ಆಶ್ರಯಿಸಿದರು. ಏಕೆಂದರೆ ಪ್ರಖರವಾದ ಬೆಳಕು ಬಿಳಿಯ ಮುಖದ ರೇಖೆಗಳನ್ನೆಲ್ಲ ನುಂಗಿಬಿಡುತ್ತದೆ. ಭರತನ ಪಾಕಕ್ಕೂ ಬರ್ಲಿನ್ನಿನ ಕಡ್ಡಿಗಳಿಗೂ ಐತಿಹಾಸಿಕ ಸಂಬಂಧವೇನೂ ಇಲ್ಲ. ಆದರೆ ಎರಡರ ಅನುಭವವೂ ಒಂದೇ.

೪

ಆಚಾರವು ಮೌಲ್ಯವಾದುದಕ್ಕೆ ರಂಗದ ಹೊರಗಿನ ಕಾರಣಗಳೂ ಇವೆ. ೧೯೧೯ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅಫ್ಘಾನ್ ಸ್ನೋ ಮೊದಲುಗೊಂಡು, ೧೯೭೫ರಲ್ಲಿ ಬಂದು ೨೦೨೦ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡ ಫೇರ್ ಅಂಡ್ ಲವ್ಲಿಯವರೆಗೆ, ಮುಖದ ಬಿಳುಪು ಒಂದು ಮಾರಾಟದ ಸರಕಾಗಿ ಬೆಳೆಯಿತು. ಇದರೊಡನೆ ನಮ್ಮ ಹಳ್ಳಿಯ ನಾಟಕದ ಒಂದು ವಿಶೇಷವನ್ನೂ ನೆನೆಯಬೇಕು: ಅನೇಕ ಕಡೆ ಪಾತ್ರಧಾರಿಯು ತನ್ನ ಪಾತ್ರಕ್ಕೆ ತಾನೇ ಹಣ ತೆರುತ್ತಾನೆ. ಹಣ ತೆತ್ತು ಅರ್ಜುನನಾದವನು ಬಂಧುಬಳಗದ ಮುಂದೆ ಸುಂದರನಾಗಿ ಕಾಣಬೇಕೆಂದು ಬಯಸುವುದು ಸಹಜ. ಬಣ್ಣ ಹಚ್ಚುವವನು ಆ ಬಯಕೆಯನ್ನು ನಡೆಸಿಕೊಡುವುದೂ ಸಹಜ. ತಪ್ಪು ಇವರಿಬ್ಬರದಲ್ಲ, ಸೌಂದರ್ಯವೆಂದರೆ ಬಿಳುಪೆಂದು ನಂಬಿಸಿದ ರುಚಿಯದು. ಇದೇ ಜಿಲ್ಲೆಯ ಬೇಲೂರಿನಲ್ಲಿ, ೧೧೧೭ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯು ಬಳಪದ ಕಲ್ಲಿನ ಕಪ್ಪಿನಲ್ಲಿಯೇ ಕನ್ನಡಿಯನ್ನು ನೋಡುತ್ತ ನಿಂತಿದ್ದಾಳೆ. ಅವಳ ಚೆಲುವಿಗೆ ಬಿಳುಪಿನ ಕೊರತೆಯಿದೆಯೆಂದು ಯಾರೂ ದೂರಿದ್ದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ರಂಗದ ಬಣ್ಣವು ಸಂಕೇತವೇ ಹೊರತು ಮೈಬಣ್ಣದ ಪ್ರತಿಕೃತಿಯಲ್ಲ. ಕೇರಳದ ಕಥಕಳಿಯಲ್ಲಿ ನಳ, ಅರ್ಜುನ, ಕೃಷ್ಣರೆಲ್ಲರಿಗೂ ಪಚ್ಚೆಯ ಹಸುರೇ ಇರುವಾಗ ನಮ್ಮ ನಾಯಕರಿಗೆ ಬಿಳುಪು ಏಕಾಗಬಾರದು, ಎಂದು. ಆಕ್ಷೇಪವು ಬಲವುಳ್ಳದ್ದೇ. ಆದರೆ ಹಸುರು ಯಾವ ಮನುಷ್ಯನ ಮೈಬಣ್ಣವೂ ಅಲ್ಲ. ಆದುದರಿಂದ ಅದು ಯಾರನ್ನೂ ಮೇಲೆತ್ತುವುದಿಲ್ಲ, ಯಾರನ್ನೂ ಕೀಳುಮಾಡುವುದಿಲ್ಲ. ನಮ್ಮ ರಂಗದ ಬಿಳುಪು ಮೈಬಣ್ಣವಾಗಿಯೇ ನಟಿಸುತ್ತದೆ. ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತ ಮಗು ತನ್ನ ತಂದೆ ದೊರೆಯಾಗಬೇಕಾದರೆ ತನ್ನ ಬಣ್ಣವನ್ನು ಮುಚ್ಚಿಕೊಳ್ಳಬೇಕೆಂಬುದನ್ನು ಅಲ್ಲಿಯೇ ಕಲಿಯುತ್ತದೆ. ಕರಿಯ ಬಣ್ಣವು ಶನಿಯದೆಂಬುದನ್ನೂ ಕಲಿಯುತ್ತದೆ. ಇದು ಸಂಕೇತವಲ್ಲ, ತೀರ್ಪು.

೫

ವಿಮರ್ಶೆಯು ದೋಷವನ್ನು ಎತ್ತಿ ತೋರಿಸಿದಷ್ಟಕ್ಕೆ ಮುಗಿಯಲಾರದು. ಆದುದರಿಂದ ಮೇಲಣ ವಿವೇಚನೆಯಿಂದ ಫಲಿಸುವ ಕೆಲವು ಸೂತ್ರಗಳನ್ನು ಇಲ್ಲಿ ಕೊಡಲಾಗಿದೆ. ಕಾಲೇಜುಗಳಲ್ಲಿ ನಾಟಕವಾಡಿಸುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಇವನ್ನು ಪರೀಕ್ಷಿಸಿ ನೋಡಬಹುದು.

ಮೊದಲನೆಯದಾಗಿ, ಹಳೆಯ ಪಾಕವನ್ನು ಉಳಿಸಿಕೊಳ್ಳಬೇಕು, ಹಳೆಯ ದ್ರವ್ಯವನ್ನಲ್ಲ. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸವಿದೆ, ಎರಡೂ ವಿಷ. ಇವುಗಳ ಸ್ಥಾನದಲ್ಲಿ ಚರ್ಮಕ್ಕೆಂದೇ ತಯಾರಾದ ಹಳದಿ, ಕೆಂಪು ಬಣ್ಣಗಳನ್ನು ಬಳಸಬೇಕು.

ಎರಡನೆಯದಾಗಿ, ಯಾವ ಪಾತ್ರ ಗೌರ, ಯಾವುದು ಶ್ಯಾಮ ಎಂಬುದನ್ನು ಕೃತಿಯನ್ನು ನೋಡಿ ನಿರ್ಧರಿಸಬೇಕು. ಧರ್ಮರಾಯನಿಗೂ ಭೀಮನಿಗೂ ಚಿನ್ನದ ಕಾಂತಿ ಸಲ್ಲಲಿ. ಅರ್ಜುನನಿಗೂ ದ್ರೌಪದಿಗೂ ನಟರ ಸಹಜವಾದ ಶ್ಯಾಮವೇ ಭೂಷಣ. ಅದಕ್ಕೆ ಬೇಕಾದುದು ಹೊಳಪು, ಮರೆಯಲ್ಲ. ಶ್ರೀಕೃಷ್ಣನ ನೀಲಿಯನ್ನು ಬೆರೆಸುವಾಗ ಭರತನ ಎಚ್ಚರಿಕೆಯನ್ನು ನೆನೆಯಬೇಕು: ನೀಲಿಯು ಎಲ್ಲಕ್ಕಿಂತ ಬಲವಾದ ವರ್ಣವಾದುದರಿಂದ ಅದು ಒಂದು ಪಾಲಿದ್ದರೆ ಉಳಿದುದು ನಾಲ್ಕು ಪಾಲಿರಬೇಕು.

ಮೂರನೆಯದಾಗಿ, ಗೌರಪಾತ್ರದ ತಳಬಣ್ಣವು ನಟನ ಸ್ವಂತ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ಮಾತ್ರ ತಿಳಿಯಾಗಿರಲಿ. ಹುಟ್ಟಿನಿಂದ ತಿಳಿಬಣ್ಣದ ನಟನಿಗಾದರೆ ಇನ್ನಷ್ಟು ಬಿಳುಪು ಬೇಡ; ಹಳದಿ ಮತ್ತು ಕೆಂಪು ಬೇಕು, ಇಲ್ಲವಾದರೆ ಅವನ ಮುಖ ಬೆಳಕಿನಲ್ಲಿ ಕರಗಿಹೋದೀತು. ಕಪ್ಪು ಬಣ್ಣದ ನಟನಿಗೆ ಬಿಳಿಯನ್ನು ನೇರವಾಗಿ ಬಳಿಯದೆ, ಕೆಂಪು ಹೆಚ್ಚಾಗಿರುವ ಹಳದಿಯನ್ನು ತೆಳುವಾಗಿ ಲೇಪಿಸಿದರೆ ಬೂದಿಯ ಛಾಯೆ ತಪ್ಪುತ್ತದೆ.

ನಾಲ್ಕನೆಯದಾಗಿ, ಬಣ್ಣವನ್ನು ಆರಿಸಬೇಕಾದುದು ನೇಪಥ್ಯದ ಬಲ್ಬಿನ ಕೆಳಗಲ್ಲ, ರಂಗದ ದೀಪದ ಕೆಳಗೆ. ದವಡೆಯ ಅಂಚಿನಲ್ಲಿ ಒಂದು ಗೆರೆಯೆಳೆದು ರಂಗದ ಮೇಲೆ ನಿಲ್ಲಿಸಿ, ಪ್ರೇಕ್ಷಕರು ಕೂಡುವ ಕಡೆಯ ಸಾಲಿನಿಂದ ನೋಡಿದರೆ ಸರಿತಪ್ಪುಗಳು ಆಗಲೇ ತಿಳಿಯುತ್ತವೆ. ಮುಖಕ್ಕೆ ಹಚ್ಚಿದ ಬಣ್ಣವು ಕಿವಿ, ಕೊರಳು, ಕೈಗಳವರೆಗೆ ಹರಿಯಲೇಬೇಕು. ಕೆನ್ನೆಯ ಕೆಂಪನ್ನು ಗುಂಡಗೆ ಬಿಡದೆ ಕಿವಿಯ ಕಡೆಗೆ ಒರಸಿ, ಹುಬ್ಬು ಕಣ್ಣುಗಳನ್ನು ಕಾಡಿಗೆಯಿಂದ ತಿದ್ದಿ, ಕೊನೆಯಲ್ಲಿ ಪೌಡರನ್ನು ಒತ್ತಿ ಬಣ್ಣವನ್ನು ನಿಲ್ಲಿಸಬೇಕು. ದೂರಕ್ಕೆ ಮುಖವನ್ನು ಕಾಣಿಸುವುದು ಬಿಳುಪಲ್ಲ. ಕಣ್ಣು, ಹುಬ್ಬು, ತುಟಿಗಳ ಸ್ಫುಟವಾದ ರೇಖೆ.

ಹಳೇಕೋಟೆ ಸೀಮೆಯ ಪೌರಾಣಿಕ ನಾಟಕವು ಯಾವ ಅಕಾಡೆಮಿಯ ಆಸರೆಯನ್ನೂ ಕಾಯದೆ ಜನರ ಪ್ರೀತಿಯಿಂದ ಬದುಕಿರುವ ಕಲೆ. ಅದರ ಪ್ರೇಕ್ಷಕರು ರಾತ್ರಿಯಿಡೀ ಎಚ್ಚರವಾಗಿ ಕುಳಿತು ಒಂದು ಸ್ವರ ತಪ್ಪಿದರೂ ಗುರುತಿಸಬಲ್ಲವರು. ಅಷ್ಟು ಸೂಕ್ಷ್ಮವಾದ ಕಿವಿಯುಳ್ಳ ಜನರ ಕಣ್ಣನ್ನು ನಾವು ಕಡಿಮೆಯೆಂದು ಎಣಿಸಬೇಕಾಗಿಲ್ಲ. ಕೃಷ್ಣೆಯು ತನ್ನ ಹೆಸರಿಗೆ ತಕ್ಕ ಬಣ್ಣದಲ್ಲಿ ಸಭೆಗೆ ಬಂದು ನ್ಯಾಯವನ್ನು ಕೇಳಿದರೆ ಅವಳ ಮಾತಿನ ತೂಕ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ.