ಸೈಕಲ್ಲೇರಿ ಭೂಪ್ರದಕ್ಷಿಣೆ

ಕನ್ನಡದ ವಿದೇಶ ಪ್ರವಾಸಕಥನಗಳಿಗೂ ನಮ್ಮ ಸಾಂತಾಕ್ರೂಜ್‌ಗೂ ಹಳೆಯ ನಂಟು. ಸಹಾರ್ ನಿಲ್ದಾಣ ಬರುವ ಮುನ್ನ ಪಶ್ಚಿಮಕ್ಕೆ ಹೊರಟ ಎಷ್ಟೋ ಮಂದಿ ವಿಮಾನ ಹತ್ತಿದ್ದು ಇಲ್ಲಿಂದಲೇ. ಒಂದು ಪುಟದಲ್ಲಿ ಬಂಧುಗಳಿಂದ ಹಾರ ಹಾಕಿಸಿಕೊಂಡ ಲೇಖಕರು ಮುಂದಿನ ಪುಟದಲ್ಲಿ ರೋಮಿನಲ್ಲೋ ಲಂಡನ್ನಿನಲ್ಲೋ ಕಾಫಿ ಹುಡುಕುತ್ತಿರುತ್ತಾರೆ. ನಡುವಣ ಬಲೂಚಿಸ್ತಾನ, ಇರಾನ್, ಇರಾಕ್‌ಗಳೆಲ್ಲ ಅವರಿಗೆ ಒಂದು ರಾತ್ರಿಯ ನಿದ್ದೆ. ಆ ನಿದ್ದೆಯಲ್ಲಿ ಕಳೆದುಹೋದ ನೆಲವನ್ನು ಕಾಣಬಯಸುವ ವಾಚಕರು ‘ವಿತ್ ಸೈಕ್ಲಿಸ್ಟ್ಸ್ ಅರೌಂಡ್ ದಿ ವರ್ಲ್ಡ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಓದಬೇಕು.

ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಮಂದಿ ಪಾರ್ಸಿ ತರುಣರು 1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಸೈಕಲ್ ಏರಿ ಹೊರಟರು. 1928ರ ಮಾರ್ಚಿನಲ್ಲಿ ಪ್ರದಕ್ಷಿಣೆ ಮುಗಿಸಿ ಮರಳಿದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್‌ಗಾರಾ. ಮೂವರೂ ಸೇರಿ ಬರೆದ ಈ ಕೃತಿ ಜವಾಹರಲಾಲ್ ನೆಹರೂ ಅವರ ಮುನ್ನುಡಿಯೊಂದಿಗೆ 1931ರಲ್ಲಿ ಪ್ರಕಟವಾಯಿತು; 2008ರಲ್ಲಿ ಮರುಮುದ್ರಣವನ್ನೂ ಕಂಡಿತು.

ಕ್ರಮಿಸಿದ ದೂರ ಸುಮಾರು 71,000 ಕಿಲೋಮೀಟರು. ಕೇಳಿದೊಡನೆ ಬಾಯ್ತೆರೆಯುವಂಥ ಲೆಕ್ಕವೇ. ಆದರೆ ಅದನ್ನು ಒಟ್ಟು ದಿನಗಳಿಗೆ ಹಂಚಿದರೆ ದಿನವೊಂದಕ್ಕೆ 44 ಕಿಲೋಮೀಟರು ಬರುತ್ತದೆ. ನಾವು ಸಾಂತಾಕ್ರೂಜ್‌ನಲ್ಲಿ ಗಾಡಿ ಹಿಡಿದು ವಿರಾರ್ ತಲುಪುವಷ್ಟು, ಹೆಚ್ಚೆಂದರೆ ಅದಕ್ಕಿಂತ ತುಸು ಮುಂದೆ. ಬಾಗ್ದಾದಿನಿಂದ ಅಲೆಪ್ಪೊವರೆಗಿನ 956 ಕಿಲೋಮೀಟರ್ ಮರುಭೂಮಿಗೆ ಹಿಡಿದದ್ದು 23 ದಿನ. ದಾಖಲೆಯ ವೇಗವೆಂದು ಹೆಸರಾದ ಈ ಓಟದಲ್ಲೂ ದಿನದ ಸರಾಸರಿ ಅಷ್ಟೇ. ಈ ನಿಧಾನವೇ ಪುಸ್ತಕದ ಜೀವಾಳ ಎಂದು ನನ್ನ ಅಭಿಪ್ರಾಯ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಸೈಕಲ್ ತಳ್ಳಿದ ನಮ್ಮ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏರಿನಲ್ಲಿ ಸೈಕಲ್ಲು ವಾಹನವಲ್ಲ, ಹೊರೆ. ಇಳಿಜಾರಿನಲ್ಲಿ ಹರಳುಕಲ್ಲು ಚಕ್ರವನ್ನು ಜಾರಿಸುತ್ತದೆ, ಬ್ರೇಕು ಹಿಡಿದ ಕೈ ಜೋಮು ಹಿಡಿಯುತ್ತದೆ. ಪಂಕ್ಚರಾದರೆ ಕೂತು ತೇಪೆ ಹಾಕಬೇಕು, ಕತ್ತಲಾದರೆ ಯಾರದೋ ಬಾಗಿಲು ತಟ್ಟಬೇಕು. ಹೀಗೆ ಹೋಗುವವನಿಗೆ ಪರದೇಶದ ಮುಂದೆ ಬೀಗುವುದಕ್ಕೆ ಆಸ್ಪದವಿಲ್ಲ. ಬೇಡುವುದನ್ನು ಅವನು ಕಲಿಯಲೇಬೇಕು. ದಾರಿ ಕೆಟ್ಟಷ್ಟೂ ಇವರ ಬರವಣಿಗೆ ಚೆನ್ನಾಗುತ್ತದೆ. ಡಾಂಬರು ಸಿಕ್ಕಲ್ಲೆಲ್ಲ ಸಪ್ಪೆಯಾಗುತ್ತದೆ. ಯುರೋಪಿನ ಪುಟಗಳನ್ನು ಬೇಗ ತಿರುವಿದರೆ ನಷ್ಟವೇನಿಲ್ಲ.

ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ. ಮೂವರು ಲೇಖಕರಿಗೆ ಸೇರಿ ಒಂದೇ ‘ನಾವು’. ನಾಲ್ಕೂವರೆ ವರ್ಷಗಳ ಒಡನಾಟದಲ್ಲಿ ಒಬ್ಬನಿಗೆ ಹೆದರಿಕೆಯಾದಾಗ ಇನ್ನೊಬ್ಬನಿಗೆ ಸಿಟ್ಟು ಬಂದಿರಲಾರದೇ? ಆರು ಮಂದಿ ಮೂವರಾದ ಕಥೆ ನನಗೆ ಇನ್ನಷ್ಟು ಬೇಕಿತ್ತು. ಒಂದು ಸೈಕಲ್ಲು ಹಿಂದಿರುಗಿದ ದಿನ ಉಳಿದವರು ಹೇಗೆ ಪೆಡಲು ತುಳಿದರು ಎಂಬುದು ಮರುಭೂಮಿಯ ಬಿಸಿಲಿಗಿಂತ ಸಣ್ಣ ವಿಷಯವೇನಲ್ಲ.

ಇನ್ನೊಂದು ಮಾತು ಈ ಪುಸ್ತಕಕ್ಕಿಂತ ಇದರ ಪರಂಪರೆಗೆ ಸೇರಿದ್ದು. ಇದೇ ಮುಂಬಯಿಯಿಂದ 1933ರಲ್ಲಿ ಹೊರಟು 1942ರಲ್ಲಿ ಮರಳಿದ ಕೇಕಿ ಖರಾಸ್, ರುಸ್ತಮ್ ಗಾಂಧಿ, ರತನ್ ಶ್ರಾಫ್ ತಮ್ಮ ಒಂದು ಪುಸ್ತಕಕ್ಕೆ ‘ಪೆಡಲಿಂಗ್ ಥ್ರೂ ದಿ ಅಫ್ಘಾನ್ ವೈಲ್ಡ್ಸ್’ ಎಂದು ಹೆಸರಿಟ್ಟರು. ‘ವೈಲ್ಡ್ಸ್’, ಅಂದರೆ ಕಾಡುಮೇಡು. ಯಾರಿಗೆ ಕಾಡು? ಘಟ್ಟದ ಮೇಲಿಂದ ಬಂದು ಇಲ್ಲಿ ಹೋಟೆಲಿನ ಮೇಜು ಒರೆಸಿದ ನಮ್ಮ ಹುಡುಗರನ್ನೂ ‘ಕಾಡಿನಿಂದ ಬಂದವರು’ ಎಂದವರಿದ್ದರು. ಹುಡುಗರಿಗೆ ಅದು ಮನೆಯಾಗಿತ್ತು, ಅಡಕೆ ತೋಟವಾಗಿತ್ತು, ಶಾಲೆಗೆ ನಡೆದ ದಾರಿಯಾಗಿತ್ತು. ಅಫಘಾನಿಸ್ತಾನದ ಬೆಟ್ಟದ ಹಳ್ಳಿಯವನಿಗೂ ತನ್ನ ಕಣಿವೆ ಹಾಗೆಯೇ ಇದ್ದೀತು. ದಣಿದು ಬಂದ ಮೂವರು ಸೈಕಲ್ ಸವಾರರನ್ನು ಕಂಡು ‘ಇವರೆಲ್ಲಿಯ ಕಾಡಿನವರಪ್ಪ’ ಎಂದು ಅವನೇ ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ.