ಹಾಲಿನ ದರ ಯಾರ ಕೈಯಲ್ಲಿ: ಕರ್ನಾಟಕದ ಹಾಲು ಸಹಕಾರ ರಚನೆಯ ವಿಮರ್ಶೆ

ಒಂದು ಉದ್ಯಮದೊಳಗೆ ಯಾವ ತೀರ್ಮಾನವನ್ನು ಯಾರು ಕೈಗೊಳ್ಳಬೇಕು, ಅದರ ಲಾಭನಷ್ಟ ಯಾರ ಲೆಕ್ಕಕ್ಕೆ ಸೇರಬೇಕು, ಯಾರು ಯಾರಿಗೆ ಉತ್ತರ ಹೇಳಬೇಕು ಎಂಬ ಏರ್ಪಾಡನ್ನೇ ಸಂಘಟನಾ ರಚನೆ ಎನ್ನುತ್ತಾರೆ. ಅಮೆರಿಕದ ಉದ್ಯಮ ಇತಿಹಾಸಕಾರ ಆಲ್ಫ್ರೆಡ್ ಚಾಂಡ್ಲರ್ 1962ರಲ್ಲಿ ಡುಪಾಂಟ್, ಜನರಲ್ ಮೋಟರ್ಸ್ ಮೊದಲಾದ ಕಂಪನಿಗಳನ್ನು ಅಭ್ಯಸಿಸಿ, ಉದ್ಯಮ ಹಿಡಿದ ದಾರಿಗೆ ತಕ್ಕಂತೆ ಅದರ ರಚನೆ ರೂಪುಗೊಳ್ಳುತ್ತದೆ ಎಂದು ವಾದಿಸಿದರು. ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುವ ಕರ್ನಾಟಕದ ಸಹಕಾರ ವ್ಯವಸ್ಥೆಯಲ್ಲಿ ನಡೆದದ್ದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದದ್ದು. ಇಲ್ಲಿ ಗುಜರಾತಿನಿಂದ ತಂದ ರಚನೆ ಮೊದಲು ನೆಲೆಗೊಂಡಿತು, ವ್ಯಾಪಾರ ಅದರೊಳಗೆ ಬೆಳೆಯಿತು.

ಆನಂದ್ ಮಾದರಿ ಎಂದು ಹೆಸರಾದ ಈ ರಚನೆಗೆ ಮೂರು ಹಂತಗಳು. ಊರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ, ಅದರ ಮೇಲೆ ಒಂದು ಅಥವಾ ಕೆಲವು ಜಿಲ್ಲೆಗಳ ಹಾಲು ಒಕ್ಕೂಟ, ಎಲ್ಲಕ್ಕೂ ಮೇಲೆ ರಾಜ್ಯಮಟ್ಟದ ಮಹಾಮಂಡಳ. ಹಂತಗಳು ಎರಡೂ ಕಡೆ ಒಂದೇ ಆದರೂ ಅವು ಹುಟ್ಟಿದ ಕ್ರಮ ಬೇರೆ. ಗುಜರಾತಿನಲ್ಲಿ ಖೇಡಾ ಜಿಲ್ಲೆಯ ಒಕ್ಕೂಟ 1946ರಲ್ಲಿಯೇ ತಲೆಯೆತ್ತಿ, ಅದರಂಥ ಒಕ್ಕೂಟಗಳು ಬೇರೂರಿದ ಬಳಿಕ, 1973ರಲ್ಲಿ ತಮ್ಮ ಹಾಲು ಮಾರುವ ಕೆಲಸಕ್ಕೆಂದು ಮಹಾಮಂಡಳವನ್ನು ಕಟ್ಟಿಕೊಂಡವು. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ 1974ರಲ್ಲಿ ಸರ್ಕಾರದ ಹೈನು ಅಭಿವೃದ್ಧಿ ನಿಗಮ ಮೊದಲು ಬಂದಿತು, ಊರೂರಿನ ಸಂಘಗಳನ್ನು ಅದು ಮೇಲಿನಿಂದ ಕಟ್ಟುತ್ತ ಹೋಯಿತು, 1984ರಲ್ಲಿ ಅದರ ಸ್ಥಾನಕ್ಕೆ ಈಗಿನ ಮಹಾಮಂಡಳ ಬಂದಿತು. ಅಲ್ಲಿ ಕೆಳಗಿನವರು ಮೇಲಿನದನ್ನು ಕಟ್ಟಿಕೊಂಡರು, ಇಲ್ಲಿ ಮೇಲಿನದು ಕೆಳಗಿನದನ್ನು ಕಟ್ಟಿತು. ದರ ನಿಗದಿಯಲ್ಲಿ ಸರ್ಕಾರದ ಕೈ ಇಂದಿಗೂ ಏಕೆ ಇಷ್ಟು ಬಲವಾಗಿದೆ ಎಂಬುದಕ್ಕೆ ಉತ್ತರದ ದೊಡ್ಡ ಪಾಲು ಈ ವ್ಯತ್ಯಾಸದಲ್ಲಿದೆ.

ರಚನೆ ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ತಳದಲ್ಲಿ. ಊರ ಜನ ಡೈರಿ ಎಂದೇ ಕರೆಯುವ ಸಂಘಕ್ಕೆ ಬೆಳಿಗ್ಗೆ ಮತ್ತು ಸಂಜೆ ಸದಸ್ಯರು ಹಾಲು ತಂದು ಸುರಿದಾಗ ಪ್ರತಿಯೊಬ್ಬರ ಹಾಲಿನಿಂದಲೂ ಮಾದರಿ ತೆಗೆದು, ಅದರಲ್ಲಿನ ಜಿಡ್ಡನ್ನೂ, ಎಸ್‌ಎನ್‌ಎಫ್ ಎಂದು ಕರೆಯುವ ಜಿಡ್ಡಲ್ಲದ ಘನಾಂಶವನ್ನೂ ಅಳೆಯುತ್ತಾರೆ. ನೀರು ಬೆರೆತ ಹಾಲಿನಲ್ಲಿ ಎರಡೂ ಇಳಿಯುತ್ತವೆ, ಅದರೊಡನೆ ದರವೂ ಇಳಿಯುತ್ತದೆ. ಅನಂತರ ಎಲ್ಲರ ಹಾಲೂ ಒಂದಾಗಿ ಒಕ್ಕೂಟಕ್ಕೆ ಹೋಗುತ್ತದೆ, ಅಲ್ಲಿ ಒಟ್ಟು ಹಾಲನ್ನು ಮತ್ತೊಮ್ಮೆ ಪರೀಕ್ಷಿಸಿ ಸಂಘಕ್ಕೆ ಹಣ ಕೊಡುತ್ತಾರೆ. ಪರೀಕ್ಷೆ ಮಾಡುವವನು ನೆಂಟನೆಂದೋ ನೆರೆಯವನೆಂದೋ ದಾಕ್ಷಿಣ್ಯಕ್ಕೆ ಬಿದ್ದು ತೆಳು ಹಾಲಿಗೆ ಗಟ್ಟಿ ಹಾಲಿನ ಲೆಕ್ಕ ಬರೆದರೆ, ಒಕ್ಕೂಟದಿಂದ ಬರುವ ಹಣ ಸಂಘ ಸದಸ್ಯರಿಗೆ ಕೊಡಬೇಕಾದ ಹಣಕ್ಕೆ ಸಾಲದೆ ಹೋಗಿ, ವರ್ಷದ ಕೊನೆಯ ಬೋನಸ್ಸಿಗೆ ಹೊಡೆತ ಬೀಳುತ್ತದೆ. ಸರದಿಯಲ್ಲಿ ನಿಂತವರ ಕಣ್ಣು ಪರೀಕ್ಷೆಯ ಮೇಲೆಯೇ ಇರುವುದು ಈ ಕಾರಣಕ್ಕೆ. ತೀರ್ಮಾನ ಕೈಗೊಳ್ಳುವ ಕೈ, ನಷ್ಟ ಹೊರುವ ಹೆಗಲು, ಲೆಕ್ಕ ಕೇಳುವ ಬಾಯಿ ಮೂರೂ ಒಂದೇ ಊರಿನವು. ರಾಜ್ಯದಲ್ಲಿ ಇಂಥ 14,000ಕ್ಕೂ ಹೆಚ್ಚು ಸಂಘಗಳಿವೆ, ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತಿವೆ ಎಂದು ಯಾರೂ ಹೇಳಲಾರರು. ಆದರೆ ತಪ್ಪು ನಡೆದಲ್ಲಿ ಅದನ್ನು ಬಹುಕಾಲ ಮುಚ್ಚಿಟ್ಟುಕೊಳ್ಳಲಾಗದ ಏರ್ಪಾಡು ಅಲ್ಲಿದೆ.

ಒಕ್ಕೂಟದ ಹಂತಕ್ಕೆ ಬಂದರೆ ಈ ಹೊಂದಾಣಿಕೆ ಸಡಿಲವಾಗುತ್ತದೆ. ಹಾಲು ಸಂಸ್ಕರಿಸುವುದು, ಪ್ಯಾಕೆಟ್ ಮಾಡುವುದು, ಉತ್ಪಾದಕರಿಗೆ ಲೀಟರಿಗೆ ಎಷ್ಟು ಕೊಡಬೇಕೆಂದು ನಿಗದಿಪಡಿಸುವುದು, ಇವೆಲ್ಲ ಒಕ್ಕೂಟದ ಕೆಲಸಗಳು. ಹಸಿರು ಮೇವು ಹೇರಳವಾಗಿರುವ ತಿಂಗಳುಗಳಲ್ಲಿ ಹಾಲಿನ ಹರಿವು ಮಾರಾಟವನ್ನು ಮೀರಿದಾಗ, ಸಹಕಾರ ತತ್ತ್ವದಂತೆ ಸದಸ್ಯರ ಹಾಲನ್ನು ಬೇಡವೆನ್ನುವಂತಿಲ್ಲವಾದ್ದರಿಂದ, ಉಳಿದದ್ದನ್ನು ಪುಡಿಯಾಗಿಯೂ ಬೆಣ್ಣೆಯಾಗಿಯೂ ಪರಿವರ್ತಿಸಬೇಕಾಗುತ್ತದೆ. ಪುಡಿಯ ಬೆಲೆ ರಾಜ್ಯದಾಚೆಯ ಮಾರುಕಟ್ಟೆಯ ಏರಿಳಿತಕ್ಕೆ ಸಿಕ್ಕಿದ್ದು, ಅದು ಕುಸಿದರೆ ನಷ್ಟ ಒಕ್ಕೂಟದ್ದು. ನಷ್ಟ ತುಂಬಿಕೊಳ್ಳಲು ಸಹಜವಾದ ದಾರಿ ಪ್ಯಾಕೆಟ್ ಹಾಲಿನ ಬೆಲೆ ಏರಿಸುವುದು, ಆದರೆ ಆ ಅಧಿಕಾರ ಒಕ್ಕೂಟಕ್ಕಿಲ್ಲ. ಹೀಗಾಗಿ ಅದರ ಕೈಗೆ ಉಳಿಯುವ ಉಪಾಯ ಒಂದೇ, ಉತ್ಪಾದಕರ ದರದಲ್ಲಿ ಒಂದೆರಡು ರೂಪಾಯಿ ಕಡಿತ.

ಮಾರಾಟ ದರ ಕಾಗದದ ಮೇಲೆ ಮಹಾಮಂಡಳದ ವಿಷಯ, ನಡೆಯಲ್ಲಿ ಸರ್ಕಾರದ್ದು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಲೀಟರಿಗೆ 4 ರೂಪಾಯಿಗಳ ಏರಿಕೆ ತೀರ್ಮಾನವಾದದ್ದು ಸಚಿವ ಸಂಪುಟದ ಸಭೆಯಲ್ಲಿ. ರೈತರೇ ಒಡೆಯರೆಂದು ಹೇಳಿಕೊಳ್ಳುವ ಉದ್ಯಮದ ಸರಕಿನ ಬೆಲೆಯನ್ನು ಮಂತ್ರಿಮಂಡಲ ನಿರ್ಧರಿಸುವುದು ವಿಚಿತ್ರವೆನಿಸಬಹುದು, ಆದರೆ ಪ್ರತಿ ಮನೆಯ ಬಾಗಿಲಿಗೂ ಹೋಗುವ ಸರಕಿನ ಬೆಲೆಯೇರಿಕೆಗೆ ಬೈಗುಳ ತಿನ್ನಬೇಕಾದವರೇ ಅದರ ತೀರ್ಮಾನವನ್ನೂ ತಮ್ಮ ಕೈಯಲ್ಲಿಟ್ಟುಕೊಳ್ಳಲು ಬಯಸುವುದು ರಾಜಕೀಯದ ಲೆಕ್ಕದಲ್ಲಿ ಸಹಜವೇ. ಇಂಥ ಏರ್ಪಾಡು ಎಂಥ ಉಪಾಯಗಳನ್ನು ಹೊಳೆಯಿಸುತ್ತದೆ ಎಂಬುದಕ್ಕೆ 2024ರ ಜೂನ್‌ ತಿಂಗಳು ಸಾಕ್ಷಿ. ಹಾಲಿನ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರಿನ ಸಮೀಪಕ್ಕೆ ಬಂದಾಗ ಅರ್ಧ ಲೀಟರಿನ ಮತ್ತು ಒಂದು ಲೀಟರಿನ ಪ್ಯಾಕೆಟ್‌ಗಳಿಗೆ ತಲಾ 50 ಮಿಲಿಲೀಟರ್ ಹಾಲು ಸೇರಿಸಿ, ಬೆಲೆಯಲ್ಲಿ 2 ರೂಪಾಯಿ ಹೆಚ್ಚಿಸಲಾಯಿತು. ಹೆಚ್ಚುವರಿ ಹಾಲಿಗೆ ಗಿರಾಕಿಯೂ ಸಿಕ್ಕಿದಂತಾಯಿತು, ಬೆಲೆಯೇರಿಕೆ ಅಲ್ಲವೆಂಬ ಸಮರ್ಥನೆಗೂ ದಾರಿಯಾಯಿತು. ಲೀಟರಿಗೆ ಲೀಟರ್ ಬೇಕಾದವರಿಗೆ 550 ಮಿಲಿಲೀಟರಿನ ಅರ್ಧ ಲೀಟರ್ ಮಾತ್ರ ಗೊಂದಲವನ್ನುಂಟುಮಾಡಿತು, ಮುಂದಿನ ಏರಿಕೆಯ ಹೊತ್ತಿಗೆ ಹಳೆಯ ಅಳತೆಯೇ ಮರಳಿತು.

ಸರ್ಕಾರ ಕೈಹಾಕುವುದೆಲ್ಲ ಕೇಡೇ ಎಂದು ತೀರ್ಪು ಕೊಡುವುದು ಸರಿಯಲ್ಲ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾಗಿ ಮುಂದೆ 5 ರೂಪಾಯಿಗೆ ಏರಿದ ಪ್ರೋತ್ಸಾಹಧನ ಒಂದೆರಡು ಹಸುಗಳ ಮನೆಗಳನ್ನು ಹೈನುಗಾರಿಕೆಯಲ್ಲಿ ಉಳಿಸಿದೆ, 2013ರಲ್ಲಿ ಬಂದ ಕ್ಷೀರಭಾಗ್ಯ ಯೋಜನೆ ಶಾಲೆಯ ಮಕ್ಕಳಿಗೆ ಹಾಲು ಕೊಟ್ಟದ್ದಷ್ಟೇ ಅಲ್ಲದೆ ಒಕ್ಕೂಟಗಳ ಪುಡಿಗೆ ನಂಬಿಗಸ್ತ ಗಿರಾಕಿಯನ್ನೂ ಒದಗಿಸಿದೆ. ದೋಷವಿರುವುದು ನೆರವಿನಲ್ಲಿ ಅಲ್ಲ, ಅದು ರಚನೆಯೊಳಗೆ ಕುಳಿತ ಜಾಗದಲ್ಲಿ. ಪ್ರೋತ್ಸಾಹಧನ ಖಜಾನೆಯಿಂದ ನೇರವಾಗಿ ಉತ್ಪಾದಕರ ಖಾತೆಗೆ ಬರುವುದರಿಂದ ಅವರ ನಿರೀಕ್ಷೆಯೂ ದೂರೂ ಒಕ್ಕೂಟದ ಆಡಳಿತ ಮಂಡಳಿಯನ್ನು ದಾಟಿ ವಿಧಾನಸೌಧದತ್ತ ತಿರುಗುತ್ತವೆ. ಅವರೇ ಆರಿಸಿದ ನಿರ್ದೇಶಕರು ಅಷ್ಟರಮಟ್ಟಿಗೆ ಉತ್ತರ ಹೇಳುವ ಹೊರೆಯಿಂದ ಪಾರಾಗುತ್ತಾರೆ.

ಇದೇ ದೋಷ ಇನ್ನೊಂದು ರೂಪದಲ್ಲಿ ಒಕ್ಕೂಟಗಳ ವಿಭಜನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮೈಸೂರಿನಿಂದ ಚಾಮರಾಜನಗರ, ಧಾರವಾಡದಿಂದ ಹಾವೇರಿ ಬೇರೆಯಾದಂತೆ ಜಿಲ್ಲೆಗೊಂದು ಒಕ್ಕೂಟ ಬೇಕೆಂಬ ಬೇಡಿಕೆಗೆ ನ್ಯಾಯವಾದ ಕಾರಣವೂ ಇದೆ, ಏಕೆಂದರೆ ಕಚೇರಿ ಹತ್ತಿರವಾದಷ್ಟೂ ಲೆಕ್ಕ ಕೇಳುವುದು ಸುಲಭ. ಆದರೆ ಆನಂದ್ ಮಾದರಿಯಲ್ಲಿ ಒಕ್ಕೂಟವೆಂಬುದು ಚುನಾವಣೆಯ ಘಟಕ ಮಾತ್ರವಲ್ಲ, ಸ್ವಂತ ಯಂತ್ರಗಳನ್ನು ವರ್ಷವಿಡೀ ದುಡಿಸಬೇಕಾದ ಕಾರ್ಖಾನೆಯೂ ಹೌದು. ಹಾಲು ಕಡಿಮೆಯಾದ ತಿಂಗಳುಗಳಲ್ಲಿ ಖಾಲಿ ನಿಂತ ಯಂತ್ರದ ಸಾಲಕ್ಕೂ ಬಡ್ಡಿ ಕಟ್ಟಬೇಕು. ಆ ಲೆಕ್ಕಕ್ಕಿಂತ ನಿರ್ದೇಶಕ ಸ್ಥಾನಗಳ ಲೆಕ್ಕ ಮುಂದೆ ಬಂದ ಕಡೆ, ಹೊಸ ಕಟ್ಟಡದ ಕಂತು ಲೀಟರಿಗೆ ಇಷ್ಟು ಪೈಸೆಯೆಂಬಂತೆ ಉತ್ಪಾದಕರ ಬಟವಾಡೆಯಲ್ಲಿಯೇ ಕಡಿತವಾಗುತ್ತದೆ.